ತಲೆ ಯಾರದೋ, ನಡಿಗೆ ಬೀರಣ್ಣನದು

ಏನು ಕೆಲಸ ಮಾಡುತ್ತಿದ್ದೆ ಎಂದು ಯಾರಾದರೂ ಕೇಳಿದರೆ ಉತ್ತರ ಹೇಳಲು ನನಗೆ ಇವತ್ತಿಗೂ ತಡವಾಗುತ್ತದೆ. ‘ತಲೆ ತೆಗೆದು ತಲೆ ಹಚ್ಚುತ್ತಿದ್ದೆ’ ಎಂದರೆ ಬೆಳಗಾವಿಯ ಖಾಸಬಾಗದ ನಮ್ಮ ಓಣಿಯ ಹೆಂಗಸರು ಮುಖ ಮುಖ ನೋಡಿಕೊಳ್ಳುತ್ತಾರೆ. ‘ಕಂಪ್ಯೂಟರ್ ಕೆಲಸ’ ಎಂದರೆ ಮೊಮ್ಮಗನ ಕೆಟ್ಟ ಮೊಬೈಲ್ ತಂದು ಕೈಗಿಡುತ್ತಾರೆ. ಎರಡೂ ಬೇಡವೆಂದು ‘ಡ್ರಾಯಿಂಗು’ ಎಂದುಬಿಡುತ್ತೇನೆ. ಅದೂ ಪೂರ್ತಿ ನಿಜವಲ್ಲ.

ಮೊಬೈಲಿನಲ್ಲಿ ಆಡುವ ಆಟಗಳಲ್ಲಿ ಸಣ್ಣ ಸಣ್ಣ ಮನುಷ್ಯರು ಓಡಾಡುತ್ತಾರಲ್ಲ, ಅವರಿಗೆ ನಮ್ಮ ಕಂಪನಿಯಲ್ಲಿ ಸ್ಪ್ರೈಟು ಎನ್ನುತ್ತಿದ್ದರು. ಒಬ್ಬ ಮನುಷ್ಯನನ್ನು ನಡೆಸಬೇಕೆಂದರೆ ಒಂದೊಂದು ಹೆಜ್ಜೆಗೂ ಬೇರೆ ಬೇರೆ ಚಿತ್ರ ಬೇಕು. ಕೂರಿಸಬೇಕು, ಏಳಿಸಬೇಕು, ಬೀಳಿಸಬೇಕು. ಆಟದಲ್ಲಿ ಬರುವ ಒಬ್ಬೊಬ್ಬರಿಗೂ ಹೀಗೆ ಪೂರಾ ಮೈ ಬರೆಯುತ್ತ ಕೂತರೆ ಕಂಪನಿ ಮುಳುಗಿದ ಹಾಗೇ. ಅದಕ್ಕೆ ಒಂದು ಮೈ ಬರೆದಿಟ್ಟುಕೊಂಡು ಅದರ ಮೇಲಿನ ತಲೆ ಮಾತ್ರ ಬದಲಿಸುತ್ತಿದ್ದೆವು. ಇವನ ತಲೆ ಅವನಿಗೆ, ಅವನ ತಲೆ ಇನ್ನೊಬ್ಬನಿಗೆ. ಆ ಕೆಲಸ ನನ್ನದು.

ಅಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಅಶ್ವಿನಿ ಈಗ ಹೊಸ ಹುಡುಗರಿಗೆ ಕಲಿಸುತ್ತಾಳೆ. ‘ಮಾಳಕ್ಕಾ, ನೀವು ಹೆಂಗ ಮಾಡತಿದ್ರಿ ಅಂತ ಒಂದೀಟು ಬರದ ಕೊಡ್ರಿ, ಈ ಹುಡುಗ್ರಿಗೆ ಏನೂ ಗೊತ್ತಿಲ್ಲ’ ಎಂದು ಗಂಟುಬಿದ್ದಳು. ಬರೆಯಲು ಕೂತರೆ ಕೆಲಸಕ್ಕಿಂತ ಮೊದಲು ಕಣ್ಣಿಗೆ ಬರುವುದು ಗುಂಜಿಯಲ್ಲಿರುವ ನನ್ನ ತವರುಮನೆಯ ಅಂಗಳ. ಅಲ್ಲಿ ನನ್ನ ಅವ್ವ ತಾನು ಹೆತ್ತ ಮಗನನ್ನೇ ತೋರಿಸಿ ‘ಇಂವ ಯಾರ?’ ಎಂದು ಕೇಳಿದಳು. ಆ ಪ್ರಶ್ನೆಗೂ ನನ್ನ ಕೆಲಸಕ್ಕೂ ಗಂಟು ಬಿದ್ದುಹೋಗಿದೆ, ಯಾವ ಕಡೆಯಿಂದ ಬಿಚ್ಚಬೇಕೋ ತಿಳಿಯುತ್ತಿಲ್ಲ. ಮೊದಲಿನಿಂದಲೇ ಹೇಳುತ್ತೇನೆ.

ಮದುವೆಯಾಗಿ ಖಾಸಬಾಗಕ್ಕೆ ಬಂದಾಗ ನನ್ನ ಗಂಡ ಮಗ್ಗದ ಕಾರಖಾನೆಯಲ್ಲಿದ್ದರು. ಸೀರೆಯ ಅಂಚಿನ ನಕ್ಷೆಯನ್ನು ಚೌಕದ ಹಾಳೆಯ ಮೇಲೆ ಒಂದೊಂದೇ ಮನೆ ತುಂಬಿ ಬರೆಯುವ ಕೆಲಸ ಮನೆಗೆ ಬರುತ್ತಿತ್ತು, ಅದನ್ನು ನಾನು ಮಾಡುತ್ತಿದ್ದೆ. ಕೈ ಚೊಕ್ಕ ಇದೆ ಎಂದು ನೋಡಿ ಓಣಿಯ ಫೋಟೊ ಸ್ಟುಡಿಯೋದ ಮಾಸ್ತರರು ತಮ್ಮಲ್ಲಿ ಕರೆದರು. ತಲೆ ಹಚ್ಚುವುದನ್ನು ನಾನು ಕಲಿತದ್ದು ಅಲ್ಲಿ, ಅದೂ ಸತ್ತವರ ಮೇಲೆ.

ಆಗ ಹಿರಿಯರು ತೀರಿಕೊಂಡರೆ ಮನೆಯಲ್ಲಿ ಒಂದು ಒಳ್ಳೆಯ ಫೋಟೊ ಇರುತ್ತಿರಲಿಲ್ಲ. ಯಾರದೋ ಮದುವೆಯ ಗುಂಪಿನಲ್ಲಿ ಹಿಂದಿನ ಸಾಲಿನಲ್ಲಿ ನಿಂತ ಮುಖವೊಂದು ಸಿಗುತ್ತಿತ್ತು. ಆ ಮುಖ ಕತ್ತರಿಸಿ, ದೊಡ್ಡದು ಮಾಡಿ, ಕೋಟು ಹಾಕಿ ಕುರ್ಚಿಯ ಮೇಲೆ ಕೂತ ಒಂದು ಮೈಗೆ ಅಂಟಿಸಿ, ಕುತ್ತಿಗೆಯ ಗೆರೆ ಕಾಣದ ಹಾಗೆ ಬ್ರಷ್ಷಿನಿಂದ ತಿದ್ದಬೇಕು. ‘ತಲಿ ಅವರದು, ಮೈ ನಮ್ಮದು. ಕುತ್ತಿಗಿ ಮಾತ್ರ ನಿಂದು ನೋಡವ್ವ’ ಎಂದು ಮಾಸ್ತರರು ಹೇಳುತ್ತಿದ್ದರು. ಕೋಟಿನ ಮೈ ನಮ್ಮಲ್ಲಿ ಇದ್ದದ್ದು ಒಂದೇ.

ಒಂದು ದಿನ ನಮ್ಮದೇ ಓಣಿಯ ಒಂದು ಮನೆಯಿಂದ ಇನ್ನೊಂದು ಮನೆಗೆ ಹೆಣ್ಣು ನೋಡಲು ಹೋದವರು ಗೋಡೆಯ ಮೇಲೆ ತೂಗುಹಾಕಿದ ಅಜ್ಜನನ್ನು ನೋಡಿ ದಂಗಾದರು. ಅದೇ ಕೋಟು, ಅದೇ ಕುರ್ಚಿ, ಬೆರಳಲ್ಲಿ ಅದೇ ಉಂಗುರ. ಹೆಣ್ಣು ನೋಡುವುದು ಬಿಟ್ಟು ಹುಡುಗನ ಕಾಕಾ ನೆಟ್ಟಗೆ ಸ್ಟುಡಿಯೋಕ್ಕೆ ಬಂದ.

‘ನಮ್ಮ ಅಜ್ಜನ ಕೋಟು ಅವರ ಅಜ್ಜನ ಮೈಮ್ಯಾಲ ಹೆಂಗ ಹೋತ್ರಿ ಮಾಸ್ತರ?’

‘ಒಂದ ಟೇಲರ್ ಕಡೆ ಹೊಲಿಸಿರಬೇಕು ತಗೋರಿ’ ಎಂದು ಮಾಸ್ತರರು ಕಣ್ಣೆತ್ತದೆ ಹೇಳಿದರು.

ಕಾಕಾ ಒಪ್ಪಿಕೊಂಡು ಹೋದ. ನನಗೆ ನಗು ಬಂತು, ಹಿಂದೆಯೇ ತಲೆ ಕೆಟ್ಟಿತು. ಆ ಕೋಟಿನವನು ಯಾರು? ಎಲ್ಲರ ಮನೆಯಲ್ಲೂ ಹಾರ ಹಾಕಿಸಿಕೊಂಡು ಕೂತಿದ್ದಾನೆ, ಹೆಸರು ಮಾತ್ರ ಒಂದೂ ಅವನದಲ್ಲ. ಮಾಸ್ತರರನ್ನು ಕೇಳಿದರೆ ‘ಯಾಂವೋ ಏನೋ, ನಮ್ಮಪ್ಪನ ಕಾಲದಿಂದ ಅಲ್ಲೇ ಕುಂತಾನ’ ಎಂದರು. ಅವತ್ತು ಹೊಕ್ಕ ಗೊಂದಲ ಇನ್ನೂ ಹೊರಬಿದ್ದಿಲ್ಲ.

ಕೈಕೈಗೆ ಮೊಬೈಲು ಬಂದ ಮೇಲೆ ಸ್ಟುಡಿಯೋ ಬಾಗಿಲು ಹಾಕಿತು. ಆಗ ಈರಣ್ಣ ಸರ್ ನನ್ನನ್ನು ಹುಡುಕಿಕೊಂಡು ಬಂದರು. ಖಾಸಬಾಗದ ಬಟ್ಟೆ ವ್ಯಾಪಾರಿಯ ಮಗ. ಅವರ ಮನೆಯ ಅಜ್ಜನಿಗೂ ನಾನೇ ಕೋಟು ತೊಡಿಸಿದ್ದೆ. ಕಲಿತು ಬಂದು, ಕೋಟೆಯ ಬಾಜು ಒಂದು ಕಟ್ಟಡದ ಮೇಲ್ಮಹಡಿಯಲ್ಲಿ ಮೊಬೈಲ್ ಆಟ ಮಾಡುವ ಸಣ್ಣ ಕಂಪನಿ ತೆಗೆದಿದ್ದರು.

‘ಅಕ್ಕಾರ, ನೀವು ತಲಿ ಚಲೋ ಹಚ್ತೀರಿ. ನಮ್ಮಲ್ಲಿ ಬರ್ರಿ.’

‘ಕಂಪ್ಯೂಟರ್ ಮುಟ್ಟಿ ಗೊತ್ತಿಲ್ರೀ ನಂಗ.’

‘ಚೌಕದ ಹಾಳಿ ತುಂಬಾಕ ಬರ್ತೈತಿಲ್ಲೋ? ಅದ ಇದು.’

ಹೋಗಿ ನೋಡಿದರೆ ಖರೇನೇ ಅದೇ. ಪರದೆಯ ತುಂಬ ಸಣ್ಣ ಸಣ್ಣ ಮನೆಗಳು, ಒಂದೊಂದಕ್ಕೂ ಬಣ್ಣ ತುಂಬಬೇಕು. ಇಡೀ ತಲೆ ಎಂದರೆ ನನ್ನ ಸೀರೆ ಅಂಚಿನ ಒಂದು ಹೂವಿಗಿಂತ ಸಣ್ಣದು. ಇದೇನು ಮಹಾ ಎಂದುಕೊಂಡೆ. ಮೊದಲ ದಿನವೇ ಸೊಕ್ಕು ಇಳಿಯಿತು.

ಒಬ್ಬ ಪೊಲೀಸನ ಮೈಗೆ ಕಳ್ಳನ ತಲೆ ಹಚ್ಚಲು ಕೊಟ್ಟಿದ್ದರು. ಎಂಟು ಹೆಜ್ಜೆಯ ಎಂಟು ಚಿತ್ರ. ಎಂಟಕ್ಕೂ ತಲೆಯನ್ನು ಅದೇ ಎತ್ತರದಲ್ಲಿ, ಅಂಚಿಗೆ ಅಂಚು ಕೂಡಿಸಿ ಹಚ್ಚಿದೆ. ಅಶ್ವಿನಿ ಅದನ್ನು ಓಡಿಸಿದಳು. ಖಾನಾಪುರದ ಹುಡುಗಿ, ಮನೆಯಲ್ಲಿ ಮರಾಠಿ, ನಮ್ಮ ಕೂಡ ಕನ್ನಡ, ಕಂಪ್ಯೂಟರಿನ ಕೂಡ ಅದೆಂಥದೋ ಭಾಷೆ. ಪರದೆಯ ಮೇಲೆ ಮೈ ಏಳುತ್ತ ಇಳಿಯುತ್ತ ಹೋಗುತ್ತಿದೆ, ತಲೆ ಮಾತ್ರ ನೆಟ್ಟಗೆ ಗೆರೆ ಎಳೆದ ಹಾಗೆ ಸಾಗುತ್ತಿದೆ. ಇಡೀ ಆಫೀಸು ಬಿದ್ದು ಬಿದ್ದು ನಕ್ಕಿತು.

‘ಮಾಳಕ್ಕಾ, ಇಂವ ತಲಿ ಮ್ಯಾಲ ಬಿಂದಿಗಿ ಹೊತ್ತಾನೇನ್ರಿ?’ ಎಂದಳು ಅಶ್ವಿನಿ.

ಫೋಟೊದೊಳಗಿನ ಮೈ ಕೂತೇ ಇರುತ್ತದೆ. ಇಲ್ಲಿ ಮೈ ನಡೆಯುತ್ತದೆ. ಹೆಜ್ಜೆ ಊರಿದಾಗ ಮೈ ಎಷ್ಟು ಕುಸಿಯುತ್ತದೋ ತಲೆಯೂ ಅಷ್ಟೇ ಕುಸಿಯಬೇಕು. ಹೊಸದಾಗಿ ಬರುವವರಿಗೆ ನಾನು ಹೇಳುವ ಮಾತು ಇದೊಂದೇ: ತಲೆಯನ್ನು ನೋಡಿ ತಲೆ ಹಚ್ಚಬೇಡಿ, ಕಾಲನ್ನು ನೋಡಿ ಹಚ್ಚಿ.

ಕಾಲಿನ ಮಾತು ಬಂತು, ಇನ್ನು ನನ್ನ ಅಣ್ಣನ ವಿಷಯ ಹೇಳಬೇಕು. ಬೀರಣ್ಣ ನನಗಿಂತ ಹಿರಿಯ. ಗುಂಜಿಯಲ್ಲೇ ಉಳಿದವನು; ಕಾಡಿನ ಅಂಚಿಗೆ ಎಮ್ಮೆ, ಆಡು ಹೊಡೆದುಕೊಂಡು ಹೋಗಿ ಬರುವುದೇ ಅವನ ಜೀವನ. ಸಣ್ಣವನಿದ್ದಾಗ ನೇರಳೆಮರದಿಂದ ಬಿದ್ದಿದ್ದ. ಮುರಿದ ಬಲಗಾಲು ಕೂಡಿತು, ನೆಟ್ಟಗೆ ಕೂಡಲಿಲ್ಲ. ಅವತ್ತಿನಿಂದ ಬಲಗಾಲನ್ನು ಹೊರಕ್ಕೆ ಬೀಸಿ ಹಾಕಿ ನಡೆಯುತ್ತಿದ್ದ. ಆ ಕಾಲು ಊರಿದಾಗ ಬಲ ಭುಜ ಒಂದಿಷ್ಟು ಕೆಳಗಿಳಿಯುತ್ತಿತ್ತು. ಕೋಲನ್ನು ಕುತ್ತಿಗೆಯ ಹಿಂದೆ ಅಡ್ಡ ಇಟ್ಟು ಎರಡೂ ಕೈ ಅದಕ್ಕೆ ಜೋತುಬಿಟ್ಟು ಬರುತ್ತಿದ್ದ. ಕುಂಟ ಎಂದು ಯಾರೂ ಅನ್ನುತ್ತಿರಲಿಲ್ಲ, ಅಷ್ಟು ಬಿರುಸು.

ನಮ್ಮ ದನ ಕಾಯುವ ಮಂದಿಯಲ್ಲಿ ಒಂದು ರೂಢಿಯಿದೆ. ಗುಡ್ಡದ ಮೇಲೆ ಯಾರಾದರೂ ಕಂಡರೆ ಅಂಗಳದಿಂದಲೇ ನಡಿಗೆ ನೋಡಿ ಇಂಥವನೇ ಎಂದು ಹೇಳಬೇಕು. ಸಣ್ಣ ಮಕ್ಕಳಿಗೆ ಅದನ್ನೇ ಆಟವಾಗಿ ಕಲಿಸುತ್ತಾರೆ. ಅವ್ವ ಇದರಲ್ಲಿ ಎಲ್ಲರಿಗಿಂತ ಮುಂದು. ‘ಮುಖ ಏನು, ಬಾಗಲಕ್ಕ ಬಂದ ಮ್ಯಾಲ ಕಾಣ್ತೈತಿ. ಅಷ್ಟರಾಗ ಒಲಿಮ್ಯಾಲ ಚಾ ಇಟ್ಟಿರಬೇಕಲ್ಲಾ’ ಎನ್ನುತ್ತಿದ್ದಳು. ಅಣ್ಣ ಗುಡ್ಡ ಇಳಿಯುವುದು ಕಂಡ ಕೂಡಲೇ ‘ಬೀರ್ಯಾ ಬಂದ, ಚಾ ಇಡು’ ಎಂದು ಒಳಗೆ ಕೂಗುತ್ತಿದ್ದಳು. ಮದುವೆಯಾದ ಮೇಲೆ ಪ್ರತಿ ವರ್ಷ ಪಂಚಮಿಗೆ ಅವನು ನನ್ನನ್ನು ತವರಿಗೆ ಕರೆಯಲು ಬರುವಾಗ ನಾನೂ ಅಷ್ಟೇ, ಖಾಸಬಾಗದ ಸಂತೆಯಂಥ ಓಣಿಯಲ್ಲಿ ಅವನ ಭುಜ ಇಳಿಯುವುದನ್ನು ತಿರುವಿನಲ್ಲೇ ಹಿಡಿಯುತ್ತಿದ್ದೆ.

ಆ ವರ್ಷ ಪಂಚಮಿ ಬಂದಾಗ ನಮ್ಮಲ್ಲಿ ಒಂದು ಹಳ್ಳಿಯ ಆಟದ ಕೆಲಸ ನಡೆದಿತ್ತು. ‘ನಡಿಗ್ಯಾಗ ಜೀವ ಇಲ್ರೀ, ಎಲ್ಲಾರೂ ಗೊಂಬಿ ನಡದಂಗ ನಡೀತಾರ’ ಎಂದು ಈರಣ್ಣ ಸರ್ ತಲೆ ಕೆರೆದುಕೊಳ್ಳುತ್ತಿದ್ದರು. ನನ್ನನ್ನು ಕರೆಯಲು ಬಂದ ಬೀರಣ್ಣ ಮನೆಯಲ್ಲಿ ಬೀಗ ಕಂಡು ನೆಟ್ಟಗೆ ಆಫೀಸಿಗೇ ಬಂದುಬಿಟ್ಟ. ಬಾಗಿಲಿನಿಂದ ನನ್ನ ಮೇಜಿನವರೆಗೆ ಅವನು ನಡೆದದ್ದನ್ನು ಸರ್ ನೋಡಿದರು, ಎದ್ದು ನಿಂತರು.

‘ಬೀರಣ್ಣಾರ, ಒಂದೀಟು ಆ ಗ್ವಾಡಿಯಿಂದ ಈ ಗ್ವಾಡಿತನಕ ನಡದ ತೋರಸ್ರಿ.’

‘ಯಾಕ್ರೀ? ಸಂತ್ಯಾಗ ನಡಿಸಿ ನೋಡಾಕ ನಾ ಏನು ಎತ್ತೇನ್ರಿ?’

‘ಹಂಗಲ್ರೀ ಮಾರಾಯ್ರ, ನಿಮ್ಮ ನಡಿಗಿ ಚಲೋ ಐತಿ.’

‘ನಡಿಗಿ ಚಲೋ ಐತಿ ಅಂದವ್ರು ನೀವ ಮೊದಲನೇದವ್ರು ನೋಡ್ರಿ. ಹಲ್ಲು ಎಣಿಸಬ್ಯಾಡ್ರಿ ಮತ್ತ.’

ಕೋಲಿನ ಬದಲು ಕಸಬರಿಗೆಯ ಉದ್ದ ಕೋಲು ಕೊಟ್ಟೆವು. ಹೆಗಲಿಗೆ ಅಡ್ಡ ಇಟ್ಟುಕೊಂಡು ಅಣ್ಣ ನಡೆದ, ಅಶ್ವಿನಿ ಮೊಬೈಲಿನಲ್ಲಿ ಹಿಡಿದಳು. ಆ ಗೋಡೆ ಮುಟ್ಟಿ ತಿರುಗಿ ಬರಲು ಹೊರಟರೆ ಸರ್ ತಡೆದರು.

‘ಸಾಕ್ರಿ, ಸಾಕ್ರಿ. ಹೋಗೂದು ಅಷ್ಟ ಸಾಕು. ಬರೂದನ್ನ ಕಂಪ್ಯೂಟರ ಮಾಡ್ತೈತಿ.’

ಅಣ್ಣ ಗೋಡೆಯ ಹತ್ತಿರವೇ ನಿಂತು ನನ್ನ ಮುಖ ನೋಡಿದ. ‘ನಾ ಇಲ್ಲೇ ಇರ್ಲೇನ ಹಂಗಾರ?’ ಎಂದ.

ಆಟದಲ್ಲಿ ಬಲಕ್ಕೆ ಹೋಗುವ ಚಿತ್ರ ಬರೆದರೆ ಮುಗಿಯಿತು. ಎಡಕ್ಕೆ ಬರುವಾಗ ಕಂಪ್ಯೂಟರು ಅದನ್ನೇ ಕನ್ನಡಿಯಲ್ಲಿ ಹಿಡಿದ ಹಾಗೆ ಮಗ್ಗುಲು ತಿರುಗಿಸಿ ತೋರಿಸುತ್ತದೆ. ಅರ್ಧ ಕೆಲಸ ಉಳಿತಾಯ.

ಆ ವಿಡಿಯೊ ನೋಡಿ ನೋಡಿ ಎಂಟು ಹೆಜ್ಜೆ ಬರೆದೆ. ಬಲಗಾಲು ಬೀಸುವ ಹೆಜ್ಜೆ ಒಂದಕ್ಕೇ ಬಹಳ ದಿನ ಹಿಡಿಯಿತು. ಅಣ್ಣನ ಮುಖವನ್ನೂ ಅಕ್ಕರೆಯಿಂದ ಬರೆದಿದ್ದೆ, ಮೀಸೆ ಸಮೇತ. ಸರ್ ನೋಡಿ, ಮೈ ಇಟ್ಟುಕೊಂಡು ತಲೆ ತೆಗೆಸಿದರು. ‘ಈ ಮುಖ ಆಟದಾಗ ನಡಿಯಾಂಗಿಲ್ರೀ ಅಕ್ಕಾರ’ ಎಂದರು. ಫೋನಿನಲ್ಲಿ ಅಣ್ಣನಿಗೆ ಹೇಳಿದೆ. ‘ತಲಿ ಒಂದ ಬಿಟ್ಟು ಉಳದದ್ದೆಲ್ಲಾ ಇಟಗೊಂಡ್ರೇನು? ಬೇಶ್ ಆತು’ ಎಂದು ಗಟ್ಟಿಯಾಗಿ ನಕ್ಕ. ನನಗೆ ಸಿಟ್ಟು ಬಂದಿತ್ತು, ಅವನ ನಗು ಕೇಳಿ ಯಾರ ಮೇಲೆ ಸಿಟ್ಟು ಎಂಬುದೇ ಮರೆತುಹೋಯಿತು.

ಕಂಪ್ಯೂಟರಿನಲ್ಲಿ ಅದಕ್ಕೆ ‘ಬಾಡಿ ಮೂರು’ ಎಂದು ಹೆಸರು. ಅದರ ಮೇಲೆ ನಾನು ಏನೆಲ್ಲ ತಲೆ ಹಚ್ಚಲಿಲ್ಲ! ರಾಜ, ಅಂಚೆಯವನು, ಡಾಕ್ಟರು, ಕಳ್ಳ, ಗಡ್ಡದ ಸಾಧು. ಒಂದು ಸಲ ಕೋಲು ತೆಗೆದು ಸೀರೆ ಉಡಿಸಿ ಮುದುಕಿಯನ್ನೂ ಮಾಡಿದೆವು. ಎಲ್ಲರೂ ಬಲಗಾಲು ಬೀಸಿ, ಭುಜ ಇಳಿಸಿ, ಗುಂಜಿಯ ಗುಡ್ಡ ಇಳಿದ ಹಾಗೇ ನಡೆದರು. ದಿನವೆಲ್ಲ ಇದನ್ನೇ ಮಾಡಿ ಸಂಜೆ ಮನೆಗೆ ಹೊರಟರೆ ಬಸ್ಸಿನಲ್ಲಿ ಕೂತವರ ತಲೆಗಳೆಲ್ಲ ನನಗೆ ಸಡಿಲವಾಗಿ ಕಾಣುತ್ತಿದ್ದವು. ಈ ಕಂಡಕ್ಟರನ ಮೈಗೆ ಆ ಮೂಲೆಯ ಅಜ್ಜಿಯ ತಲೆ ಸರಿಯಾಗಿ ಕೂರುತ್ತದೆ ಎಂದು ಅಳೆಯುತ್ತ ಇಳಿಯುವ ಸ್ಟಾಪು ದಾಟಿಹೋಗುತ್ತಿತ್ತು.

ಅಶ್ವಿನಿಯನ್ನು ಒಮ್ಮೆ ಕೇಳಿದೆ. ‘ರಾಜನ ತಲಿ ತಗದು ಕಳ್ಳಂದು ಹಚ್ಚಿದೆ. ಈಗ ಹೋದಾಂವ ಯಾರವಾ, ರಾಜನೋ ಅಣ್ಣನೋ? ಬಂದಾಂವ ಯಾರು?’

ಅವಳು ಕಂಪ್ಯೂಟರಿನ ಕೋಡ್ ಬರೆಯುವುದು ನಿಲ್ಲಿಸದೆ ಹೇಳಿದಳು. ‘ಹೆಸರು ತಲಿಗೆ ಇರ್ತೈತಿ, ಮಾಳಕ್ಕಾ. ಮೈಗೆ ನಂಬರ್ ಅಷ್ಟ.’

‘ಆಡೋರು ತಲೀನ ನೋಡ್ತಾರ್ರೀ ಅಕ್ಕಾರ, ಕಾಲು ಯಾರ ನೋಡ್ತಾರ?’ ಎಂದರು ಸರ್ ಆಚೆಯಿಂದ. ಇರಬಹುದು. ಗುಂಜಿಯ ಅಂಗಳದಲ್ಲಿ ಮಾತ್ರ ಲೆಕ್ಕ ಉಲ್ಟಾ ಇತ್ತಲ್ಲ ಎಂದುಕೊಂಡು ಮುಂದಿನ ತಲೆ ಎತ್ತಿಕೊಂಡೆ.

ಆ ಮಗ್ಗುಲು ತಿರುಗಿಸುವ ಉಳಿತಾಯ ಒಂದು ಸಲ ನಮ್ಮನ್ನು ಚೆನ್ನಾಗಿ ಸಿಕ್ಕಿಸಿತು. ಹಳ್ಳಿಯ ಆಟದಲ್ಲಿ ಗುಡಿ ಇತ್ತು, ಪೂಜಾರಿ ಇದ್ದ. ಬಂದವರಿಗೆ ಕೈ ಚಾಚಿ ಪ್ರಸಾದ ಕೊಡುತ್ತಿದ್ದ. ಎಲ್ಲ ಮುಗಿಸಿ ಆಟ ಹೊರಬಿಡುವ ಮುಂಚೆ ಸರ್ ತಮ್ಮ ತಾಯಿಯನ್ನು ಕರೆತಂದು ತೋರಿಸಿದರು. ಹಣೆತುಂಬ ವಿಭೂತಿ ಹಚ್ಚಿಕೊಂಡ ಆ ಹಿರಿಯರು ಕನ್ನಡಕ ಏರಿಸಿ ನೋಡಿದವರೇ ಮಗನ ಕಡೆ ತಿರುಗಿದರು.

‘ಎಡಗೈಲೆ ಪ್ರಸಾದ ಕೊಡ್ತಾನಲ್ಲೋ ನಿಮ್ಮ ಪೂಜಾರಿ! ಇಂವನ್ನ ಯಾವ ಊರಿಂದ ಹಿಡಕೊಂಡ ಬಂದಿ?’

ನೋಡಿದರೆ ಹೌದು. ಗುಡಿ ಆಟದ ಬಲಗಡೆಯ ತುದಿಗೆ ಇತ್ತು. ಪೂಜಾರಿ ಯಾವಾಗಲೂ ಎಡಕ್ಕೆ ಮುಖ ಮಾಡಿ ನಿಲ್ಲುತ್ತಿದ್ದ. ಕನ್ನಡಿಯಲ್ಲಿ ಬಲಗೈ ಎಡಗೈ ಆಗಿತ್ತು. ಇಷ್ಟು ದಿನ ಇಷ್ಟು ಜನ ನೋಡಿದ್ದೆವು, ಒಬ್ಬರಿಗೂ ಹೊಳೆದಿರಲಿಲ್ಲ. ಸರ್ ಮುಖ ಸಣ್ಣದಾಯಿತು. ಪೂಜಾರಿ ಒಬ್ಬನಿಗೆ ಮಾತ್ರ ಎಡಮಗ್ಗುಲನ್ನು ಬೇರೆ ಬರೆದುಕೊಟ್ಟೆ. ಉಳಿದವರೆಲ್ಲ ಕನ್ನಡಿಯಲ್ಲೇ ತಿರುಗುತ್ತಿದ್ದರು, ಬಾಡಿ ಮೂರು ಕೂಡ. ಅವನು ಎಡಕ್ಕೆ ಬರುವಾಗ ಬೀಸುವುದು ಎಡಗಾಲು, ಇಳಿಯುವುದು ಎಡ ಭುಜ. ನನ್ನ ಕಣ್ಣಿಗೆ ಅದು ಚುಚ್ಚುತ್ತಿತ್ತು. ‘ಹೋಗಾಗ ಅಣ್ಣ ಇರ್ತಾನ, ಹೊಳ್ಳಿ ಬರಾಗ ಯಾರೋ ಬರ್ತಾರ’ ಎಂದರೆ ಅಶ್ವಿನಿ ನಗುತ್ತಿದ್ದಳು.

ಕೆಲಸದ ರೀತಿ ನಾನಿರುವಾಗಲೇ ಬಹಳ ಬದಲಾಯಿತು. ಮೊದಲು ಎಂಟು ಚಿತ್ರಕ್ಕೂ ಕೈಯಿಂದ ತಲೆ ಹಚ್ಚುತ್ತಿದ್ದೆ. ಆಮೇಲೆ ಕುತ್ತಿಗೆಯ ಜಾಗಕ್ಕೆ ಒಂದು ಚುಕ್ಕಿ ಇಟ್ಟರೆ ತಲೆ ತಾನಾಗಿ ಬಂದು ಕೂರುವ ಹಾಗೆ ಅಶ್ವಿನಿ ಮಾಡಿದಳು. ಆಮೇಲೆ ಆಡುವವರೇ ತಮಗೆ ಬೇಕಾದ ತಲೆ ಆರಿಸಿಕೊಳ್ಳತೊಡಗಿದರು. ಈಗ ಇಂಥ ಮನುಷ್ಯ ಬೇಕು ಎಂದು ಹೇಳಿದರೆ ಸಾಕಂತೆ, ಕಂಪ್ಯೂಟರೇ ತಲೆ, ಮೈ, ನಡಿಗೆ ಎಲ್ಲ ಬರೆದುಕೊಡುತ್ತದೆ. ಅಂಥದೊಂದು ಚಿತ್ರ ತಂದು ತೋರಿಸಿದರು. ಕುತ್ತಿಗೆಯ ಗೆರೆ ಹುಡುಕಿದೆ, ಸಿಗಲಿಲ್ಲ. ಯಾರ ನಡಿಗೆ ಇದು ಎಂದು ಕೇಳಿದೆ, ಯಾರಿಗೂ ಗೊತ್ತಿರಲಿಲ್ಲ. ನನ್ನ ಕಣ್ಣುಗಳೂ ನೀರಾಡುತ್ತಿದ್ದವು, ವಯಸ್ಸೂ ಆಗಿತ್ತು. ಶಾಲು ಹೊದಿಸಿ ಕಳಿಸಿದರು.

ಮನೆಯಲ್ಲಿ ಕೂತು ಹೆಚ್ಚು ದಿನ ಆಗಿರಲಿಲ್ಲ, ಗುಂಜಿಯಿಂದ ಅಣ್ಣನ ಹೆಂಡತಿ, ನಮ್ಮ ವೈನಿಯ ಫೋನು ಬಂತು. ಮಳೆಗಾಲದ ಕೆಸರಿನಲ್ಲಿ ಎಮ್ಮೆ ನೂಕಿ ಅಣ್ಣ ಇಳಿಜಾರಿನಲ್ಲಿ ಬಿದ್ದಿದ್ದ. ಎಡಗಾಲಿನ ಚಪ್ಪೆ, ಸೊಂಟದ ಹತ್ತಿರದ ಎಲುಬು, ಮುರಿದಿತ್ತು. ಬೆಳಗಾವಿಯಲ್ಲಿ ಆಪರೇಷನ್ ಆಯಿತು, ಸಲಾಕೆ ಹಾಕಿದರು. ಬಹಳ ದಿನ ನಮ್ಮ ಮನೆಯಲ್ಲೇ ಮಲಗಿದ್ದ. ಎದ್ದು ಓಡಾಡುವಷ್ಟಾದ ಮೇಲೆ ರೈಲಿನಲ್ಲಿ ಗುಂಜಿಗೆ ಕರೆದುಕೊಂಡು ಹೋದೆ.

ಅಷ್ಟರಲ್ಲಿ ಅವ್ವನ ಕಣ್ಣು ಕೆಟ್ಟಿತ್ತು. ಪೂರ್ತಿ ಹೋಗಿರಲಿಲ್ಲ, ನೋಟದ ನಟ್ಟನಡುವೆ ಕಪ್ಪು ಕವಿದಿತ್ತು. ಸುತ್ತಲಿನದು ಕಾಣುತ್ತದೆ, ನೆಟ್ಟಗೆ ನೋಡಿದ್ದು ಕಾಣುವುದಿಲ್ಲ. ‘ಮುಖದ ಜಾಗಾದಾಗ ಏನೂ ಇಲ್ಲವಾ ಮಾಳಿ, ಎಲ್ಲಾರೂ ತಲಿ ಇಲ್ಲದ ಓಡ್ಯಾಡತಾರ’ ಎಂದು ಹೇಳಿದ್ದಳು. ನಾನು ಬೆಚ್ಚಿದ್ದೆ. ನನ್ನ ಕಂಪ್ಯೂಟರಿನಲ್ಲಿ ತಲೆ ಹಚ್ಚುವ ಮುಂಚೆ ಸಾಲಾಗಿ ನಿಂತಿರುತ್ತಿದ್ದ ಮೈಗಳು ಹಾಗೇ ಇರುತ್ತಿದ್ದವು. ನೆನಪು ಕೂಡ ಹಿಂದುಮುಂದಾಗಿತ್ತು.

ನಾವು ಹೋದಾಗ ಅವ್ವ ಅಂಗಳದ ಕಟ್ಟೆಯ ಮೇಲೆ ಕೂತಿದ್ದಳು. ಅಣ್ಣ ಕೈಕೋಲು ಊರಿಕೊಂಡು ನಡೆದ. ಹಿಂದೆ ಮುರಿದಿದ್ದ ಬಲಗಾಲೇ ಈಗ ಗಟ್ಟಿ ಕಾಲಾಗಿತ್ತು. ಹೆಜ್ಜೆಗೊಮ್ಮೆ ಎಡಕ್ಕೆ ಕುಸಿಯುತ್ತಿದ್ದ. ಅವ್ವ ಓರೆಯಾಗಿ ತಿರುಗಿ ನೋಡಿದಳು.

‘ಇಂವ ಯಾರ, ಮಾಳಿ?’

‘ನಾನ ಬೇ ಅವ್ವಾ, ಬೀರ್ಯಾ’ ಎಂದ ಅಣ್ಣ.

‘ಅವನ ದನಿ ತಗದು ಆಡಬ್ಯಾಡಪಾ. ನನ್ನ ಮಗನ ನಡಿಗಿ ನಂಗ ಗೊತ್ತಿಲ್ಲೇನು?’

ಅಣ್ಣ ಹತ್ತಿರ ಕೂತು ಅವ್ವನ ಕೈ ಹಿಡಿದು ತನ್ನ ಮುಖದ ಮೇಲೆ ಇಟ್ಟುಕೊಂಡ. ಅವ್ವ ಹಣೆ, ಮೂಗು, ಮೀಸೆ ಎಲ್ಲ ಸವರಿದಳು. ಆಮೇಲೆ ಕೈ ಹಿಂದೆಗೆದುಕೊಂಡು ನನ್ನ ಕಡೆ ತಿರುಗಿದಳು.

‘ತಲಿ ಅವಂದ ಐತಿ. ಯಾರ ಹಚ್ಚ್ಯಾರ? ನೀನ ಹಚ್ಚಿಯೇನ?’

ವೈನಿ ನಗಬೇಕೋ ಅಳಬೇಕೋ ತಿಳಿಯದೆ ಒಳಗೆ ಹೋದಳು. ನನಗೂ ತಿಳಿಯಲಿಲ್ಲ. ಇಷ್ಟು ವರ್ಷ ನಾನು ಮಾಡಿದ ಕೆಲಸವೇ ಎದ್ದುಬಂದು ನನ್ನ ತವರಿನ ಅಂಗಳದಲ್ಲಿ ಕೂತ ಹಾಗಿತ್ತು.

ಒಂದು ದಿನದ ಮರವೆ ಎಂದುಕೊಂಡಿದ್ದೆವು, ಹಾಗಾಗಲಿಲ್ಲ. ಅವ್ವ ಅಣ್ಣನ ಕೈಯಿಂದ ಗುಳಿಗೆ ತೆಗೆದುಕೊಳ್ಳಲಿಲ್ಲ. ಅವನು ಒಳಗೆ ಬಂದರೆ ಸೆರಗು ಸರಿಪಡಿಸಿಕೊಂಡು ಗೋಡೆಗೆ ಸರಿಯುತ್ತಿದ್ದಳು, ಪರಗಂಡಸು ಬಂದ ಹಾಗೆ. ಸಂಜೆಯಾದರೆ ಕಟ್ಟೆಯ ಮೇಲೆ ಕೂತು ಗುಡ್ಡದ ಕಡೆ ನೋಡುತ್ತ ‘ಬೀರ್ಯಾ ಇನ್ನಾ ಬಂದಿಲ್ಲ, ಎಮ್ಮಿ ತಪ್ಪಿಸಿಕೊಂಡಿರಬೇಕು’ ಎನ್ನುತ್ತಿದ್ದಳು. ಮುಸ್ಸಂಜೆ ದಾಟಿದರೂ ಏಳುತ್ತಿರಲಿಲ್ಲ, ಮಗ ಬರದೆ ಉಣ್ಣುವುದಿಲ್ಲ ಎಂದು ಹಟ. ಮಗ ಅವಳ ಹಿಂದೆಯೇ ಕಂಬಕ್ಕೆ ಒರಗಿ ನಿಂತಿರುತ್ತಿದ್ದ. ‘ಸತ್ತೋರ ಫೋಟೋಕ್ಕ ತಲಿ ಹಚ್ಚತಿದ್ದಿ ನೀ. ನಾ ಬದುಕಿದ್ದೂ ಹೆಸರಿಲ್ಲದಾಂವ ಆಗೇನಿ ನೋಡ ತಂಗಿ’ ಎಂದ ಒಮ್ಮೆ. ಅವನು ಅತ್ತದ್ದನ್ನು ನಾನು ನೋಡಿದ್ದು ಆಗಲೇ. ಅವ್ವ ದಿನದಿನಕ್ಕೆ ಸೊರಗುತ್ತಿದ್ದಳು. ಹೀಗೇ ಮಗನ ದಾರಿ ಕಾಯುತ್ತಲೇ ಹೋಗಿಬಿಡುತ್ತಾಳೆ ಎಂದು ನನಗೆ ಭಯವಾಯಿತು.

ಖಾಸಬಾಗಕ್ಕೆ ಬಂದು ಅಶ್ವಿನಿಗೆ ಫೋನು ಮಾಡಿದೆ. ಹಳ್ಳಿಯ ಆಟ ಯಾವಾಗಲೋ ನಿಂತಿತ್ತು. ಹಳೆಯ ಡಿಸ್ಕಿನಲ್ಲಿ ಹುಡುಕಿ ಬಾಡಿ ಮೂರು ತೆಗೆದಳು. ‘ತಲಿ ಯಾರದು ಹಾಕೋಣು, ಮಾಳಕ್ಕಾ?’ ಎಂದಳು. ಅವ್ವನಿಗೆ ತಲೆ ಕಾಣುವುದೇ ಇಲ್ಲ, ಯಾವುದಾದರೂ ನಡೆಯುತ್ತಿತ್ತು. ಆದರೂ ನಾನು ಕೂತು ಅಣ್ಣನ ತಲೆ ಮತ್ತೆ ಬರೆದೆ, ಮೀಸೆ ಸಮೇತ, ಅವನ ಮೈಗೆ ಅವನದೇ ತಲೆ ಹಚ್ಚಿದೆ. ಸರ್ ತೆಗೆಸಿದ ಮೇಲೆ ಅಷ್ಟು ವರ್ಷದಲ್ಲಿ ಆ ಮೈಗೆ ಹಚ್ಚದೆ ಉಳಿದಿದ್ದ ತಲೆ ಅದೊಂದೇ. ಅಶ್ವಿನಿ ಅದನ್ನು ಟೀವಿಯ ಮೇಲೆ ದೊಡ್ಡದಾಗಿ ಕಾಣುವ ಹಾಗೆ ಮಾಡಿ ಪೆನ್‌ಡ್ರೈವಿನಲ್ಲಿ ಹಾಕಿಕೊಟ್ಟಳು. ಬಿಳಿ ಪರದೆ, ಅದರ ಮೇಲೆ ಬೀರಣ್ಣ ಒಬ್ಬನೇ. ಬಲಕ್ಕೆ ಹೋಗುತ್ತಾನೆ, ತುದಿ ಮುಟ್ಟಿ ತಿರುಗುತ್ತಾನೆ, ಎಡಕ್ಕೆ ಬರುತ್ತಾನೆ, ಮತ್ತೆ ಹೋಗುತ್ತಾನೆ.

ಗುಂಜಿಯಲ್ಲಿ ಟೀವಿಗೆ ಹಾಕಿದೆ. ಅವ್ವ ಎಂದಿನಂತೆ ಓರೆಗಣ್ಣಿನಲ್ಲಿ ನೋಡಿದಳು. ಬಲಗಾಲು ಬೀಸಿತು, ಭುಜ ಇಳಿಯಿತು.

‘ಬೀರ್ಯಾ!’ ಎಂದು ಅವ್ವ ಕೂತಲ್ಲೇ ನೆಟ್ಟಗಾದಳು. ‘ಎಲ್ಲಿಗೆ ಹೊಂಟಾನ ಅಂವ?’

ಅಣ್ಣ ಬಾಗಿಲಲ್ಲಿ ನಿಂತು ಬಾಯಿ ತೆರೆದು ನೋಡುತ್ತಿದ್ದ. ‘ಇಷ್ಟ ಜೋರ ನಡೀತಿದ್ನೇನ ನಾ?’ ಎಂದ ಮೆಲ್ಲಗೆ. ಅಷ್ಟರಲ್ಲಿ ಪರದೆಯವನು ತುದಿ ಮುಟ್ಟಿ ತಿರುಗಿದ.

‘ಇಂವ ಬ್ಯಾರೆ’ ಎಂದಳು ಅವ್ವ ಕೂಡಲೇ.

‘ಬ್ಯಾರೆ ಅಲ್ಲ ಬೇ, ಅವನ. ಹೋದಾಂವ ಹೊಳ್ಳಿ ಬರಾಕತ್ತಾನ.’

‘ಹೋದಾಂವ ಹಂಗ ಬರೂದಿಲ್ಲ. ಇಂವ ಎಡಕ್ಕ ಬೀಳತಾನ.’

ಇಷ್ಟು ದಿನ ಅಶ್ವಿನಿಗೆ ನಾನೇ ಹೇಳುತ್ತಿದ್ದ ಮಾತದು. ಅಣ್ಣ ಮಾತ್ರ ನಕ್ಕ, ಬಿದ್ದ ಮೇಲೆ ಮೊದಲ ಸಲ. ‘ಬರೂದನ್ನ ಕಂಪ್ಯೂಟರ ಮಾಡ್ತೈತಿ ಅಂದಿದ್ರಲ್ಲ ನಿಮ್ಮ ಸರ? ಈಗ ನನ್ನ ಕಾಲ ಅದನ್ನ ಮಾಡಾಕತ್ತೈತಿ ನೋಡು’ ಎಂದ. ಅವನು ಹೇಳುವವರೆಗೂ ನನಗೆ ಹೊಳೆದಿರಲಿಲ್ಲ. ಪರದೆಯ ಮೇಲೆ ಎಡಕ್ಕೆ ಬರುವವನೂ ಬಾಗಿಲಲ್ಲಿ ನಿಂತವನೂ ಒಂದೇ ನಡಿಗೆಯವರಾಗಿದ್ದರು. ಕನ್ನಡಿಯೊಳಗಿಂದ ಅಣ್ಣ ಹೊರಗೆ ಬಂದಿದ್ದನೋ, ಹೊರಗಿದ್ದವನು ಒಳಗೆ ಹೋಗಿದ್ದನೋ, ಎಷ್ಟು ಯೋಚಿಸಿದರೂ ನನಗೆ ಬಗೆಹರಿಯಲಿಲ್ಲ.

ಮರುದಿನ ಅವ್ವ ತಾನೇ ‘ಹಚ್ಚು’ ಎಂದಳು. ಅದರ ಮರುದಿನವೂ ಕೇಳಿದಳು. ಗಂಟೆಗಟ್ಟಲೆ ಕೂತು ನೋಡುತ್ತಿದ್ದಳು. ಮೊದಮೊದಲು ‘ಬೀರ್ಯಾ’ ‘ಬ್ಯಾರೆ’ ಎಂದು ಎಣಿಸುತ್ತಿದ್ದಳು, ಆಮೇಲೆ ಬಾಯಿ ಬಿಡದೆ ನೋಡುತ್ತಿದ್ದಳು. ತುದಿಗೆ ಹೋಗಿ ಅವನು ತಿರುಗುವ ಕ್ಷಣದಲ್ಲಿ ಕೊರಳು ಮುಂದೆ ಚಾಚುತ್ತಿದ್ದಳು, ಅಲ್ಲಿ ಯಾರೋ ಮನುಷ್ಯನನ್ನು ಬದಲಿಸುತ್ತಾರೆ, ಹಿಡಿಯಬೇಕು ಎಂಬಂತೆ. ಯಾರೂ ಬದಲಿಸುತ್ತಿರಲಿಲ್ಲ. ಇದರಿಂದ ಒಳ್ಳೆಯದಾಗುತ್ತಿದೆಯೋ ಇದ್ದದ್ದೂ ಕೆಡುತ್ತಿದೆಯೋ ಎಂದು ನನಗೆ ದಿಗಿಲು. ಪೆನ್‌ಡ್ರೈವು ಕಿತ್ತು ಒಗೆದುಬಿಡೋಣ ಎಂದು ಎರಡು ಸಲ ಎದ್ದೆ, ಎರಡು ಸಲ ಕೂತೆ.

ನಾನು ಖಾಸಬಾಗಕ್ಕೆ ಹೊರಡುವ ಹಿಂದಿನ ಸಂಜೆ ಅವ್ವ ಕಟ್ಟೆಯ ಮೇಲಿದ್ದಳು, ನಾನು ಬಾಜು ಕೂತು ಸೊಪ್ಪು ಸೋಸುತ್ತಿದ್ದೆ. ಕೊಟ್ಟಿಗೆಯಿಂದ ಅಣ್ಣ ಹೊರಬಿದ್ದು ಅಂಗಳ ದಾಟತೊಡಗಿದ. ಎಡಕ್ಕೆ ಕುಸಿದ, ಎದ್ದ, ಮತ್ತೆ ಕುಸಿದ. ಅವ್ವ ಮುಖ ಓರೆ ಮಾಡಿದಳು. ಬಹಳ ಹೊತ್ತು ನೋಡಿದಳು. ನಾನು ಸೊಪ್ಪು ಬಿಟ್ಟು ಅವಳ ಬಾಯಿಯನ್ನೇ ನೋಡುತ್ತಿದ್ದೆ.

‘ಹೊಳ್ಳಿ ಬರಾಕತ್ತಾನ’ ಎಂದಳು ಅವ್ವ, ತನಗೆ ತಾನೇ ಎಂಬಂತೆ. ಆಮೇಲೆ ನನ್ನ ಮೊಣಕೈ ತಿವಿದಳು. ‘ಕುಂತ ಏನ ನೋಡ್ತಿ? ಬೀರ್ಯಾ ಬಂದ. ಚಾ ಇಡು.’

ಅಣ್ಣ ಅಂಗಳದ ನಡುವೆಯೇ ನಿಂತುಬಿಟ್ಟ. ‘ನಿಂತಿ ಯಾಕೋ, ಬಾ’ ಎಂದು ಅವ್ವ ಬೈದಳು.

ಅವ್ವನಿಗೆ ನಿಜವಾಗಿ ಗುರುತು ಸಿಕ್ಕಿತೋ, ಕಾದು ಸೋತು ಬಂದವನನ್ನೇ ಮಗ ಎಂದು ಒಪ್ಪಿಕೊಂಡಳೋ ನನಗೆ ಗೊತ್ತಿಲ್ಲ. ಅಶ್ವಿನಿಯ ಹುಡುಗರು ಕೇಳಿದರೂ ನಾನು ಇಷ್ಟೇ ಹೇಳಬಲ್ಲೆ. ಅವತ್ತು ಒಳಗೆ ಹೋಗಿ ಒಲೆ ಹಚ್ಚಿದೆ, ಚಹಾಕ್ಕೆ ಎರಡು ಸಲ ಸಕ್ಕರೆ ಹಾಕಿದೆ. ಅಣ್ಣ ಅವ್ವನ ಪಕ್ಕದಲ್ಲಿ ಕೂತು ಅಷ್ಟನ್ನೂ ಕುಡಿದ.